ರಾತ್ರಿ ಹನ್ನೊಂದಕ್ಕೆ ಪೋಸ್ಟರ್ ಮಾಡುವವರಿಗಾಗಿ: ಸಣ್ಣ ಸೇವಾ ಸಂಸ್ಥೆಗಳ ಲೋಗೊ, ಬಣ್ಣ, ಅಕ್ಷರದ ಕಥೆ

ನಾಳೆ ಬೆಳಿಗ್ಗೆ ಕಾರ್ಯಕ್ರಮ, ಈಗ ರಾತ್ರಿ ಹನ್ನೊಂದು ಗಂಟೆ, ಬ್ಯಾನರ್ ಇನ್ನೂ ಪ್ರಿಂಟಿಗೆ ಹೋಗಿಲ್ಲ. ಪ್ರೆಸ್ಸಿನವರು ಲೋಗೊ ಕೇಳುತ್ತಿದ್ದಾರೆ. ಸಂಸ್ಥೆಯ ವಾಟ್ಸಾಪ್ ಗುಂಪಿನಲ್ಲಿ ಹುಡುಕಾಟ ಶುರು. ಒಬ್ಬರು ಎರಡು ವರ್ಷದ ಹಿಂದಿನ ಆಮಂತ್ರಣ ಪತ್ರಿಕೆಯ ಫೋಟೊ ಹಾಕುತ್ತಾರೆ. ಇನ್ನೊಬ್ಬರು ಲೆಟರ್‌ಹೆಡ್ಡಿನ ಮೂಲೆಯನ್ನು ಸ್ಕ್ರೀನ್‌ಶಾಟ್ ತೆಗೆದು ಕಳಿಸುತ್ತಾರೆ. ಮೂರನೆಯವರ ಹತ್ತಿರ ಇರುವುದರಲ್ಲಿ ಹಸಿರು ಬಣ್ಣವೇ ಬೇರೆ, ಹೆಸರಿನ ಕಾಗುಣಿತವೂ ಬೇರೆ. "ಲೋಗೊ ಮಾಡಿಕೊಟ್ಟ ಹುಡುಗನ ನಂಬರ್ ಯಾರ ಹತ್ತಿರ ಇದೆ?" ಅಂತ ಕೊನೆಗೊಂದು ಮೆಸೇಜು ಬರುತ್ತದೆ. ಅದಕ್ಕೆ ಯಾರೂ ಉತ್ತರ ಕೊಡುವುದಿಲ್ಲ.

ಬಿಡುವಿದ್ದಾಗ ಸಣ್ಣ ಸಂಸ್ಥೆಗಳಿಗೆ ಪೋಸ್ಟರ್, ಕರಪತ್ರ ಮಾಡಿಕೊಡುವ ನನಗೆ ಈ ದೃಶ್ಯ ಚೆನ್ನಾಗಿ ಗೊತ್ತು. ಒಂದೆರಡು ಕಡೆ ಆ ಕಾಣೆಯಾದ ಹುಡುಗ ನಾನೇ ಆಗಿದ್ದೆ. ಹಾಗಾಗಿ ಈ ಬರಹದ ಅರ್ಧ ಪಾಲು ನನ್ನ ತಪ್ಪುಗಳಿಂದ ಕಲಿತದ್ದು.

ಬ್ರ್ಯಾಂಡಿಂಗ್ ಅಂದ ತಕ್ಷಣ ಸೇವಾ ಸಂಸ್ಥೆಯವರ ಮುಖ ಸ್ವಲ್ಪ ಗಂಟಿಕ್ಕುತ್ತದೆ. ಅದು ಸೋಪು, ಶಾಂಪೂ ಮಾರುವವರ ಕೆಲಸ, ನಮಗ್ಯಾಕೆ ಅಂತ. ಪದವನ್ನು ಪಕ್ಕಕ್ಕಿಡೋಣ. ನಿಮ್ಮ ಸಂಸ್ಥೆಯ ಹೆಸರು ಕೇಳಿದಾಗ ಒಬ್ಬ ಅಪರಿಚಿತರ ತಲೆಯಲ್ಲಿ ಏನು ಮೂಡುತ್ತದೋ ಅದೇ ಬ್ರ್ಯಾಂಡ್. ಅದು ಈಗಾಗಲೇ ಇದೆ, ನೀವು ಬೇಕು ಅಂದರೂ ಬೇಡ ಅಂದರೂ. ಲೋಗೊ ಅದಕ್ಕೆ ಅಂಟಿಸಿದ ಗುರುತು, ಅಷ್ಟೇ. ಗ್ರಾಫಿಕ್ ಡಿಸೈನ್ ಅಂದರೆ ಆ ಗುರುತನ್ನೂ ನಿಮ್ಮ ಮಾತನ್ನೂ ಕಣ್ಣಿಗೆ ಕಾಣುವ ಹಾಗೆ ಜೋಡಿಸುವ ಕೆಲಸ. ಈ ಮೂರನ್ನೂ ಒಂದೇ ಅಂದುಕೊಂಡರೆ "ಹೊಸ ಲೋಗೊ ಮಾಡಿಸಿದರೆ ಎಲ್ಲ ಸರಿಹೋಗುತ್ತದೆ" ಅನ್ನುವ ತೀರ್ಮಾನಕ್ಕೆ ಬರುತ್ತೇವೆ. ಹಾಗೆ ಏನೂ ಸರಿಹೋಗುವುದಿಲ್ಲ.

ನನ್ನ ಅಳತೆಗೋಲು ಒಂದೇ. ಡಿಸೈನ್ ಗೊತ್ತಿಲ್ಲದ, ದಿನವಿಡೀ ಬೇರೆ ಕೆಲಸ ಮಾಡಿ ಸುಸ್ತಾದ ಒಬ್ಬ ಸ್ವಯಂಸೇವಕಿ ರಾತ್ರಿ ಹನ್ನೊಂದಕ್ಕೆ ಕೂತು, ಫೋನಿನಲ್ಲೇ ಒಂದು ಪೋಸ್ಟರ್ ಮಾಡಿದರೂ ಅದು ನಿಮ್ಮದೇ ಅಂತ ಗೊತ್ತಾಗಬೇಕು. ಆ ಕೈಯಲ್ಲಿ ಉಳಿಯದ ಬ್ರ್ಯಾಂಡಿಂಗ್ ಎಷ್ಟು ಚೆನ್ನಾಗಿದ್ದರೂ ಸಣ್ಣ ಸಂಸ್ಥೆಗೆ ಉಪಯೋಗಕ್ಕೆ ಬಾರದು.

ಅಂಗಡಿಗೂ ಸಂಸ್ಥೆಗೂ ಇರುವ ವ್ಯತ್ಯಾಸ

ಸೋಪು ಕೊಂಡವರು ಅದನ್ನು ಮನೆಗೆ ತಂದು ಬಳಸಿ ನೋಡುತ್ತಾರೆ. ಚೆನ್ನಾಗಿಲ್ಲದಿದ್ದರೆ ಮತ್ತೆ ಕೊಳ್ಳುವುದಿಲ್ಲ. ಸೇವಾ ಸಂಸ್ಥೆಯಲ್ಲಿ ಹಣ ಕೊಡುವವರು ಒಬ್ಬರು, ಅದರಿಂದ ಪ್ರಯೋಜನ ಪಡೆಯುವವರು ಇನ್ನೊಬ್ಬರು. ದಾನಿಗೆ ತಾನು ಕೊಟ್ಟ ಹಣ ಏನಾಯಿತು ಅಂತ ಕಣ್ಣಾರೆ ನೋಡುವ ಅವಕಾಶ ಸಿಗುವುದೇ ಕಡಿಮೆ. ಅವರು ನೋಡುವುದು ನಿಮ್ಮ ಪತ್ರ, ರಸೀದಿ, ವರದಿ, ಪೋಸ್ಟರ್. ಅಂದರೆ ಇಲ್ಲಿ ಕಾಗದವೇ ಸಾಕ್ಷಿ. ರಸೀದಿಯಲ್ಲಿ ಒಂದು ಹೆಸರು, ವೆಬ್‌ಸೈಟಿನಲ್ಲಿ ಇನ್ನೊಂದು ಹೆಸರು, ಬ್ಯಾಂಕ್ ಖಾತೆಯಲ್ಲಿ ಮತ್ತೊಂದು ಇದ್ದರೆ ಯಾರಿಗಾದರೂ ಅನುಮಾನ ಬರುವುದು ಸಹಜ ಅಲ್ವಾ?

ಇದರ ಜೊತೆಗೆ ಇನ್ನೊಂದು ಪೇಚು. ಕರಪತ್ರ ತೀರಾ ಕಳಪೆಯಾಗಿದ್ದರೆ "ಇವರು ನಿಜವಾದ ಸಂಸ್ಥೆಯಾ?" ಅನಿಸುತ್ತದೆ. ಮಿರಮಿರ ಮಿಂಚುವ ದಪ್ಪ ಕಾಗದದಲ್ಲಿ, ಚಿನ್ನದ ಬಣ್ಣದ ಅಕ್ಷರದಲ್ಲಿ ವಾರ್ಷಿಕ ವರದಿ ಬಂದರೆ "ನಾನು ಕೊಟ್ಟ ಹಣ ಇದಕ್ಕೇ ಹೋಯಿತಾ?" ಅನಿಸುತ್ತದೆ. ನಿಮಗೆ ಬೇಕಾದ್ದು ನಡುವಿನ ಜಾಗ: ಅಚ್ಚುಕಟ್ಟು ಇರಬೇಕು, ಆಡಂಬರ ಇರಬಾರದು. ಈ ಎರಡಕ್ಕೂ ಖರ್ಚಿನಲ್ಲಿ ದೊಡ್ಡ ವ್ಯತ್ಯಾಸವಿದೆ. ಅಚ್ಚುಕಟ್ಟಿಗೆ ದುಡ್ಡಿಗಿಂತ ಜಾಸ್ತಿ ಬೇಕಾಗುವುದು ಹಟ.

ಲೋಗೊಗಿಂತ ಮೊದಲು ಒಂದು ಸಾಲು

ಯಾರಾದರೂ ನನ್ನ ಹತ್ತಿರ ಲೋಗೊ ಕೇಳಿಕೊಂಡು ಬಂದರೆ ಮೊದಲು ಕೇಳುವ ಪ್ರಶ್ನೆ: ನೀವು ಯಾರಿಗಾಗಿ ಏನು ಮಾಡುತ್ತೀರಿ, ಒಂದೇ ಸಾಲಿನಲ್ಲಿ ಹೇಳಿ. ಇದಕ್ಕೆ ಹತ್ತು ನಿಮಿಷದ ಉತ್ತರ ಬರುತ್ತದೆ. ಬರೆದುಕೊಡಿ ಅಂದರೆ "ಸಮಗ್ರ ಸಬಲೀಕರಣದ ಮೂಲಕ ಸುಸ್ಥಿರ ಪರಿವರ್ತನೆಯತ್ತ" ಅಂತ ಬರುತ್ತದೆ. ಇದು ಕಣ್ಣಿನ ತಪಾಸಣೆ ಮಾಡುವವರದ್ದೋ, ಕೆರೆ ಹೂಳೆತ್ತುವವರದ್ದೋ, ಬೀದಿ ನಾಯಿಗಳಿಗೆ ಚುಚ್ಚುಮದ್ದು ಹಾಕಿಸುವವರದ್ದೋ ಹೇಳಿ ನೋಡೋಣ. ಮೂವರೂ ಹೀಗೇ ಬರೆದುಕೊಳ್ಳುತ್ತಾರೆ.

"ಶಾಲೆ ಬಿಟ್ಟ ಮಕ್ಕಳಿಗೆ ಸಂಜೆ ಹೊತ್ತು ಪಾಠ ಹೇಳುತ್ತೇವೆ." ಇದು ಸಾಲು. ಇದನ್ನು ಕೇಳಿದವರು ಮನೆಗೆ ಹೋಗಿ ಇನ್ನೊಬ್ಬರಿಗೆ ಹೇಳಬಲ್ಲರು. ಬಾಯಿಂದ ಬಾಯಿಗೆ ದಾಟುವಾಗ ಕೆಡದೆ ಉಳಿಯುವ ಮಾತೇ ನಿಮ್ಮ ಬ್ರ್ಯಾಂಡಿನ ಮುಖ್ಯ ಭಾಗ. ಸಮಿತಿಯಲ್ಲಿರುವ ಐದು ಜನರನ್ನು ಬೇರೆ ಬೇರೆ ಕೂರಿಸಿ ಈ ಸಾಲು ಬರೆಸಿ. ಐದು ಬೇರೆ ಬೇರೆ ಸಾಲು ಬಂದರೆ ನಿಮ್ಮ ಸಮಸ್ಯೆ ಡಿಸೈನಿನದ್ದಲ್ಲ, ಅದನ್ನು ಯಾವ ಡಿಸೈನರ್ ಕೂಡ ಸರಿಮಾಡಲಾರ.

ಹೆಸರಿನ ವಿಷಯವೂ ಇಲ್ಲೇ ಬರುತ್ತದೆ. ನೋಂದಣಿಯಲ್ಲಿ ಎಂಟು ಪದಗಳ ಹೆಸರಿರಬಹುದು. ಇರಲಿ. ದಿನನಿತ್ಯ ಕರೆಯುವುದಕ್ಕೆ ಎರಡು ಪದ ಆರಿಸಿಕೊಂಡು ಅದನ್ನೇ ಎಲ್ಲ ಕಡೆ ದೊಡ್ಡದಾಗಿ ಬಳಸಿ. ಪೂರ್ತಿ ಹೆಸರು ರಸೀದಿ ಮತ್ತು ಪತ್ರದ ಕೆಳಗೆ ಸಣ್ಣದಾಗಿ ಇದ್ದರೆ ಸಾಕು. ಇಂಗ್ಲಿಷಿನ ಮೊದಲಕ್ಷರಗಳನ್ನು ಜೋಡಿಸಿ ಮಾಡುವ ಮೂರ್ನಾಲ್ಕು ಅಕ್ಷರದ ಹೆಸರುಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಒಳಗಿನವರಿಗೆ ಮಾತ್ರ ಅರ್ಥವಾಗುವ ಹೆಸರು ಹೊರಗಿನವರಿಗೆ ಮುಚ್ಚಿದ ಬಾಗಿಲಿದ್ದ ಹಾಗೆ.

ಪಾಂಡಾ ಕಲಿಸುವ ಪಾಠ

ಲೋಗೊ ಹೇಗಿರಬೇಕು ಅಂತ ಹೇಳಲು ನನಗೆ ಬಹಳ ಇಷ್ಟವಾದ ಉದಾಹರಣೆ ವನ್ಯಜೀವಿ ಸಂರಕ್ಷಣೆಯ ಡಬ್ಲ್ಯುಡಬ್ಲ್ಯುಎಫ್ ಸಂಸ್ಥೆಯ ಪಾಂಡಾ. ಆ ಸಂಸ್ಥೆ 1961ರಲ್ಲಿ ಹುಟ್ಟಿತು. ಆಗ ಲಂಡನ್ ಮೃಗಾಲಯದಲ್ಲಿ ಚಿ-ಚಿ ಎಂಬ ಪಾಂಡಾ ಇತ್ತು, ಜನ ಮುಗಿಬಿದ್ದು ನೋಡುತ್ತಿದ್ದರು. ಸ್ಥಾಪಕರಲ್ಲಿ ಒಬ್ಬರಾದ ಪೀಟರ್ ಸ್ಕಾಟ್ ಮೊದಲ ಲೋಗೊ ಬರೆದರು. ಪಾಂಡಾ ಆರಿಸಿಕೊಳ್ಳಲು ಅದು ಅಪರೂಪದ, ಎಲ್ಲರೂ ಪ್ರೀತಿಸುವ ಪ್ರಾಣಿ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಅಪ್ಪಟ ಲೆಕ್ಕಾಚಾರದ್ದು: ಪಾಂಡಾ ಕಪ್ಪು ಬಿಳುಪು. ಮುದ್ರಣದ ಖರ್ಚು ಉಳಿಯುತ್ತದೆ! ಜಗತ್ತಿನ ಅತಿ ಹೆಚ್ಚು ಜನ ಗುರುತಿಸುವ ಲೋಗೊಗಳಲ್ಲಿ ಒಂದು ಹುಟ್ಟಿದ್ದು ಬಣ್ಣದ ಶಾಯಿ ಉಳಿಸುವ ಯೋಚನೆಯೂ ಸೇರಿ.

ಶಾಂತಿ ಚಿಹ್ನೆ ನೋಡಿ. 1958ರಲ್ಲಿ ಬ್ರಿಟನ್ನಿನ ಅಣ್ವಸ್ತ್ರ ವಿರೋಧಿ ಮೆರವಣಿಗೆಗಾಗಿ ಜೆರಾಲ್ಡ್ ಹಾಲ್ಟಮ್ ಬರೆದದ್ದು. ಬಾವುಟ ಹಿಡಿದು ಸನ್ನೆ ಮಾಡುವ ಸೆಮಫೋರ್ ಲಿಪಿಯಲ್ಲಿ 'ಎನ್' ಮತ್ತು 'ಡಿ' ಅಕ್ಷರಗಳನ್ನು ಒಂದರ ಮೇಲೊಂದು ಇಟ್ಟು ಸುತ್ತ ಒಂದು ವೃತ್ತ ಎಳೆದರು, ಅಣ್ವಸ್ತ್ರ ನಿಶ್ಶಸ್ತ್ರೀಕರಣ ಅನ್ನುವುದಕ್ಕೆ ಇಂಗ್ಲಿಷಿನಲ್ಲಿರುವ ಎರಡು ಪದಗಳ ಮೊದಲಕ್ಷರ. ಆ ಅರ್ಥ ಇವತ್ತು ಬಹುಪಾಲು ಜನರಿಗೆ ಗೊತ್ತಿಲ್ಲ, ಆದರೂ ಚಿಹ್ನೆ ಗೊತ್ತು. ಯಾಕೆ ಅಂದರೆ ಅದನ್ನು ಯಾರು ಬೇಕಾದರೂ ಸೀಮೆಸುಣ್ಣ ಹಿಡಿದು ಗೋಡೆಯ ಮೇಲೆ ಬರೆಯಬಹುದು. ಲೋಗೊ ಎಲ್ಲವನ್ನೂ ಹೇಳಬೇಕಾಗಿಲ್ಲ, ನೆನಪಿನಲ್ಲಿ ಉಳಿದರೆ ಸಾಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ನಮ್ಮ ಸಣ್ಣ ಸಂಸ್ಥೆಗಳ ಲೋಗೊಗಳಲ್ಲಿ ಏನಿರುತ್ತದೆ? ಎರಡು ಕೈ, ಆ ಕೈಯಲ್ಲಿ ಒಂದು ಗಿಡ, ಗಿಡದ ಹಿಂದೆ ಸೂರ್ಯ, ಸೂರ್ಯನೊಳಗೆ ಭೂಗೋಳ, ಸುತ್ತ ಕೈ ಕೈ ಹಿಡಿದ ಮಕ್ಕಳು, ಕೆಳಗೊಂದು ಪುಸ್ತಕ, ಅದರ ಕೆಳಗೆ ರಿಬ್ಬನ್ನಿನ ಮೇಲೆ ಧ್ಯೇಯವಾಕ್ಯ. ಇದು ಹೇಗಾಗುತ್ತದೆ ಅಂತ ನನಗೆ ಗೊತ್ತು, ಸಭೆಯಲ್ಲಿ ಕೂತಿದ್ದೇನೆ. ಪ್ರತಿ ಸದಸ್ಯರೂ ಒಂದೊಂದು ಸೇರಿಸಿ ಅನ್ನುತ್ತಾರೆ, ಯಾರ ಮನಸ್ಸನ್ನೂ ನೋಯಿಸಬಾರದು ಅಂತ ಎಲ್ಲ ಸೇರಿಸುತ್ತೇವೆ. ಕೊನೆಗೆ ಆ ಲೋಗೊ ಪ್ರೊಫೈಲ್ ಚಿತ್ರದ ಪುಟ್ಟ ವೃತ್ತದೊಳಗೆ ಹೋದಾಗ ಒಂದು ಬಣ್ಣದ ಕಲೆಯ ಹಾಗೆ ಕಾಣುತ್ತದೆ.

ಒಪ್ಪುವ ಮೊದಲು ಮನೆಯಲ್ಲೇ ಕೆಲವು ಪರೀಕ್ಷೆ ಮಾಡಬಹುದು. ಲೋಗೊವನ್ನು ಉಗುರಿನಷ್ಟು ಸಣ್ಣದು ಮಾಡಿ ನೋಡಿ. ಕಪ್ಪು ಬಿಳುಪಿನಲ್ಲಿ ಪ್ರಿಂಟ್ ತೆಗೆದು, ಆ ಪ್ರಿಂಟನ್ನು ಮತ್ತೆ ಜೆರಾಕ್ಸ್ ಮಾಡಿ ನೋಡಿ, ಏಕೆಂದರೆ ಅದರ ಹಣೆಬರಹದಲ್ಲಿ ಅದೇ ಬರೆದಿರುವುದು. ಕಡು ಬಣ್ಣದ ಟೀ ಶರ್ಟಿನ ಮೇಲೆ ಬಿಳಿಯಲ್ಲಿ ಹೇಗೆ ಕಾಣುತ್ತದೆ ನೋಡಿ. ಯಾರಿಗಾದರೂ ಐದು ಸೆಕೆಂಡ್ ತೋರಿಸಿ, ಮುಚ್ಚಿ, ನೆನಪಿನಿಂದ ಬರೆಯಲು ಹೇಳಿ. ಚಿತ್ರ ಚೆನ್ನಾಗಿ ಬರದಿದ್ದರೆ ಚಿಂತೆಯಿಲ್ಲ, ಏನಿತ್ತು ಅಂತ ಹೇಳಲಾದರೂ ಬರಬೇಕು. ಇದ್ಯಾವುದೂ ಆಗದಿದ್ದರೆ ಚಿತ್ರವನ್ನೇ ಬಿಟ್ಟು, ಸಂಸ್ಥೆಯ ಹೆಸರನ್ನು ಒಂದು ಒಳ್ಳೆಯ ಅಕ್ಷರದಲ್ಲಿ ಒಂದು ಬಣ್ಣದಲ್ಲಿ ಬರೆಸಿಬಿಡಿ. ಹೆಸರೇ ಲೋಗೊ. ಅದರಲ್ಲಿ ನಾಚಿಕೆಯೇನೂ ಇಲ್ಲ.

ಆರೋಗ್ಯದ ಕೆಲಸ ಮಾಡುವವರಿಗೆ ಒಂದು ಎಚ್ಚರಿಕೆ. ಬಿಳಿಯ ಮೇಲೆ ಕೆಂಪು ಕ್ರಾಸ್ ಹಾಕಬೇಡಿ. ಅದು ಆಸ್ಪತ್ರೆಯ ಸಾಮಾನ್ಯ ಗುರುತು ಅಂತ ಬಹಳ ಜನ ತಿಳಿದಿದ್ದಾರೆ, ಹಾಗಲ್ಲ. 1864ರ ಜಿನೀವಾ ಒಪ್ಪಂದದಲ್ಲಿ ಯುದ್ಧಭೂಮಿಯ ವೈದ್ಯಕೀಯ ಸೇವೆಯವರ ರಕ್ಷಣೆಗೆ ಗೊತ್ತುಮಾಡಿದ ಚಿಹ್ನೆ ಅದು, ಸ್ವಿಸ್ ಬಾವುಟದ ಬಣ್ಣಗಳನ್ನು ಅದಲುಬದಲು ಮಾಡಿದ್ದು. ಅದನ್ನು ಯಾರು ಬಳಸಬಹುದು ಅಂತ ಅಂತರರಾಷ್ಟ್ರೀಯ ಒಪ್ಪಂದಗಳಲ್ಲೇ ಹೇಳಿದೆ. ಹಸಿರು ಕ್ರಾಸ್, ಹೃದಯ, ಇನ್ನೇನಾದರೂ ಆರಿಸಿಕೊಳ್ಳಿ.

ಫೈಲಿನ ಗೋಳು

ಈಗ ಬೇಸರದ, ಆದರೆ ಅತಿ ಹೆಚ್ಚು ನಷ್ಟ ಮಾಡುವ ವಿಷಯ.

ಕಂಪ್ಯೂಟರಿನಲ್ಲಿ ಚಿತ್ರ ಎರಡು ಬಗೆಯಲ್ಲಿ ಉಳಿಯುತ್ತದೆ. ಒಂದು ಚುಕ್ಕಿಗಳ ಚಿತ್ರ. ಫೋಟೊಗಳೆಲ್ಲ ಹೀಗೇ: ಸಣ್ಣ ಸಣ್ಣ ಚೌಕಗಳು, ಅವಕ್ಕೆ ಪಿಕ್ಸೆಲ್ ಅನ್ನುತ್ತೇವೆ. ಜೆಪಿಜಿ, ಪಿಎನ್‌ಜಿ ಈ ಜಾತಿ. ಇನ್ನೊಂದು ವೆಕ್ಟರ್. ಇಲ್ಲಿ ಚಿತ್ರವೇ ಇರುವುದಿಲ್ಲ, "ಇಲ್ಲಿಂದ ಇಲ್ಲಿಗೆ ಈ ಗೆರೆ ಎಳೆ, ಒಳಗೆ ಈ ಬಣ್ಣ ತುಂಬು" ಅನ್ನುವ ಲೆಕ್ಕ ಇರುತ್ತದೆ. ಎಸ್‌ವಿಜಿ, ಇಪಿಎಸ್, ಸರಿಯಾಗಿ ಮಾಡಿದ ಪಿಡಿಎಫ್ ಈ ಜಾತಿ. ರಂಗೋಲಿಯ ಫೋಟೊಗೂ, ಎಷ್ಟು ಚುಕ್ಕಿ ಇಟ್ಟು ಹೇಗೆ ಎಳೆ ಸೇರಿಸಬೇಕು ಅನ್ನುವ ಲೆಕ್ಕಕ್ಕೂ ಇರುವ ವ್ಯತ್ಯಾಸ ಇದು. ಫೋಟೊ ದೊಡ್ಡದು ಮಾಡಿದರೆ ಒಡೆಯುತ್ತದೆ. ಲೆಕ್ಕ ಗೊತ್ತಿದ್ದರೆ ಅಂಗಳದ ತುಂಬ ಬಿಡಿಸಬಹುದು.

ಮುದ್ರಣಕ್ಕೆ ಸಾಮಾನ್ಯವಾಗಿ ಒಂದು ಇಂಚಿಗೆ 300 ಚುಕ್ಕಿ ಬೇಕು ಅನ್ನುತ್ತಾರೆ. ಆ ಲೆಕ್ಕದಲ್ಲಿ ಎ4 ಹಾಳೆಯ ತುಂಬ ಒಂದು ಫೋಟೊ ಹಾಕಲು ಅದು 2480 ಅಗಲ, 3508 ಎತ್ತರ ಪಿಕ್ಸೆಲ್ ಇರಬೇಕು. ನಿಮ್ಮ ವೆಬ್‌ಸೈಟಿನಿಂದ ಇಳಿಸಿಕೊಂಡ ಲೋಗೊ 200 ಪಿಕ್ಸೆಲ್ ಅಗಲ ಇದೆ ಅಂದುಕೊಳ್ಳಿ. ಕಾಗದದ ಮೇಲೆ ಅದು ಚೆನ್ನಾಗಿ ಕಾಣುವುದು ಸುಮಾರು 1.7 ಸೆಂಟಿಮೀಟರ್ ಅಗಲಕ್ಕೆ ಮಾತ್ರ. ಅದನ್ನೇ ಹತ್ತು ಅಡಿ ಬ್ಯಾನರಿಗೆ ಕೊಟ್ಟರೆ ಪ್ರೆಸ್ಸಿನವರು ಪವಾಡ ಮಾಡಲಾರರು. ಬ್ಯಾನರನ್ನು ದೂರದಿಂದ ನೋಡುವುದರಿಂದ ಅದಕ್ಕೆ 300 ಬೇಕಿಲ್ಲ, ಇನ್ನೂ ಕಡಿಮೆ ಸಾಕು. ಆದರೆ ಅದಕ್ಕೂ ಒಂದು ಮಿತಿ ಇದೆ.

ಹಾಗಾಗಿ ಲೋಗೊ ಮಾಡಿಸುವಾಗ ವೆಕ್ಟರ್ ಫೈಲು ಕೈಗೆ ಬರದೆ ಕೆಲಸ ಮುಗಿಯಿತು ಅನ್ನಬೇಡಿ. ಜೊತೆಗೆ ಹಿನ್ನೆಲೆ ಇಲ್ಲದ ಪಿಎನ್‌ಜಿ ಒಂದು, ಪೂರ್ತಿ ಕಪ್ಪಿನದ್ದು ಒಂದು, ಪೂರ್ತಿ ಬಿಳಿಯದ್ದು ಒಂದು. ವಾಟ್ಸಾಪಿನಲ್ಲಿ ಕಳಿಸುವಾಗ ಫೋಟೊ ಅಂತ ಕಳಿಸಿದರೆ ಅದು ಹಿಂಡಿ ಸಣ್ಣದು ಮಾಡುತ್ತದೆ, ಪಾರದರ್ಶಕ ಹಿನ್ನೆಲೆಯೂ ಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ. ಇಷ್ಟೇ ಒಂದು ಅಭ್ಯಾಸ ಎಷ್ಟೋ ಬ್ಯಾನರ್‌ಗಳನ್ನು ಉಳಿಸಿದೆ.

ಹಕ್ಕಿನ ಮಾತೂ ಇದೆ. ಉಚಿತವಾಗಿ ಮಾಡಿಕೊಟ್ಟರೂ "ಈ ಲೋಗೊದ ಹಕ್ಕನ್ನು ಸಂಸ್ಥೆಗೆ ಬಿಟ್ಟುಕೊಟ್ಟಿದ್ದೇನೆ" ಅಂತ ಮಾಡಿದವರಿಂದ ಎರಡು ಸಾಲು ಬರೆಸಿ ಸಹಿ ಹಾಕಿಸಿಕೊಳ್ಳಿ. ಅಪನಂಬಿಕೆ ಅಲ್ಲ, ನಾಳೆ ಇಬ್ಬರಿಗೂ ತಲೆನೋವು ಬೇಡ ಅಂತ. ಕ್ಯಾನ್ವಾದಂಥ ಆನ್‌ಲೈನ್ ಡಿಸೈನ್ ತಾಣಗಳಲ್ಲಿ ಸಿಗುವ ರೆಡಿಮೇಡ್ ಲೋಗೊ ಟೆಂಪ್ಲೇಟನ್ನು, ಅಂದರೆ ಸಿದ್ಧ ಮಾದರಿಯನ್ನು, ಎತ್ತಿಕೊಂಡರೆ ಅದು ನಿಮ್ಮೊಬ್ಬರದ್ದೇ ಆಗಿರುವುದಿಲ್ಲ, ಬೇರೆಯವರೂ ಅದನ್ನೇ ಬಳಸಬಹುದು, ನಿಮ್ಮ ಟ್ರೇಡ್‌ಮಾರ್ಕ್ ಅಂತ ನೋಂದಾಯಿಸಲೂ ಆಗದು. ಪೋಸ್ಟರಿಗೆ ಟೆಂಪ್ಲೇಟ್ ಧಾರಾಳವಾಗಿ ಬಳಸಿ, ಲೋಗೊಗೆ ಬೇಡ. ಅಂದಹಾಗೆ ಲಾಭರಹಿತ ಸಂಸ್ಥೆಗಳಿಗೆ ಕ್ಯಾನ್ವಾ ತನ್ನ ದುಡ್ಡಿನ ಸೌಲಭ್ಯಗಳನ್ನು ಉಚಿತವಾಗಿ ಕೊಡುವ ಯೋಜನೆ ಇಟ್ಟಿದೆ, ಅರ್ಜಿ ಹಾಕಬೇಕು. ವೆಕ್ಟರ್ ಕೆಲಸಕ್ಕೆ ಇಂಕ್‌ಸ್ಕೇಪ್, ಫೋಟೊ ತಿದ್ದಲು ಗಿಂಪ್, ಪುಸ್ತಕದಂಥ ಪುಟವಿನ್ಯಾಸಕ್ಕೆ ಸ್ಕ್ರೈಬಸ್, ಇವು ಯಾರಿಗಾದರೂ ಉಚಿತ.

ಬಣ್ಣ ಎರಡು ಸಾಕು

ಒಂದು ಮುಖ್ಯ ಬಣ್ಣ, ಒಂದು ಜೊತೆಗಾರ, ಮಿಕ್ಕಿದ್ದು ಕಪ್ಪು ಬಿಳುಪು. ಮೂರನೆಯ ಬಣ್ಣ ಬೇಕು ಅನಿಸಿದಾಗ ಒಂದು ವಾರ ಕಾಯಿರಿ, ಬಹುಪಾಲು ಆ ಆಸೆ ತಾನಾಗಿಯೇ ಹೋಗುತ್ತದೆ. ಹಸಿರು ಅಂದರೆ ಯಾವ ಹಸಿರು ಅನ್ನುವುದಕ್ಕೆ ಆರು ಅಂಕಿ-ಅಕ್ಷರಗಳ ಒಂದು ಸಂಕೇತ ಇರುತ್ತದೆ, ಹೆಕ್ಸ್ ಕೋಡ್ ಅನ್ನುತ್ತಾರೆ. ಅದನ್ನು ಬರೆದಿಟ್ಟುಕೊಳ್ಳಿ. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಪ್ರೆಸ್ಸು ಶಾಯಿಯಿಂದ ಮಾಡುತ್ತದೆ, ಹಾಗಾಗಿ ಫೋನಿನಲ್ಲಿ ಝಗಮಗಿಸುವ ಗಿಳಿಹಸಿರು ಕಾಗದದ ಮೇಲೆ ಮಂಕಾಗಿ ಬರುವುದು ಪ್ರೆಸ್ಸಿನವರ ತಪ್ಪಲ್ಲ. ಕಡು ಬಣ್ಣ ಆರಿಸಿಕೊಂಡರೆ ಈ ತೊಂದರೆ ಕಡಿಮೆ.

ಬಣ್ಣಕ್ಕಿಂತ ಮುಖ್ಯ ಅದರ ಮೇಲಿನ ಅಕ್ಷರ ಓದಲು ಬರುತ್ತದಾ ಅನ್ನುವುದು. ಜಾಲತಾಣಗಳು ಎಲ್ಲರಿಗೂ ಬಳಸಲು ಬರಬೇಕು ಅಂತ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿ ಒಂದು ಅಳತೆ ಕೊಟ್ಟಿದೆ: ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಅನುಪಾತ ಕನಿಷ್ಠ 4.5ಕ್ಕೆ 1, ದೊಡ್ಡ ಅಕ್ಷರಕ್ಕೆ 3ಕ್ಕೆ 1. ಬಿಳಿಯ ಮೇಲೆ ಕಪ್ಪು 21ಕ್ಕೆ 1. ಬಿಳಿಯ ಮೇಲೆ ಅಚ್ಚ ಹಳದಿ ಎಷ್ಟು ಗೊತ್ತಾ? 1.07. ಅಂದರೆ ಇಲ್ಲವೇ ಇಲ್ಲ. ಇದನ್ನು ಲೆಕ್ಕ ಹಾಕಿಕೊಡುವ ಉಚಿತ ತಾಣಗಳು ಬೇಕಾದಷ್ಟಿವೆ, ಎರಡು ಬಣ್ಣದ ಸಂಕೇತ ಹಾಕಿದರೆ ಉತ್ತರ ಬರುತ್ತದೆ. ಕೆಂಪು-ಹಸಿರು ಬೇರ್ಪಡಿಸಲಾಗದ ವರ್ಣಾಂಧತೆ ಗಂಡಸರಲ್ಲಿ ಜಾಸ್ತಿ, ಉತ್ತರ ಯುರೋಪ್ ಮೂಲದವರಲ್ಲಿ ಸುಮಾರು 12 ಗಂಡಸರಿಗೆ ಒಬ್ಬರಂತೆ ಇದೆ. ಹಸಿರು ಹಿನ್ನೆಲೆಯ ಮೇಲೆ ಕೆಂಪು ಅಕ್ಷರದಲ್ಲಿ "ಎಲ್ಲರಿಗೂ ಸ್ವಾಗತ" ಅಂತ ಬರೆದರೆ ಆ 'ಎಲ್ಲರಲ್ಲಿ' ಕೆಲವರಿಗೆ ಅದು ಕಾಣುವುದೇ ಕಷ್ಟ.

ಅಕ್ಷರ, ಅದರಲ್ಲೂ ಕನ್ನಡ ಅಕ್ಷರ

ಇಂಗ್ಲಿಷಿನಲ್ಲಿ ಬರೆದ ಡಿಸೈನ್ ಪಾಠಗಳನ್ನು ಓದಿ ಕನ್ನಡದ ಪೋಸ್ಟರ್ ಮಾಡಲು ಕೂತರೆ ಅರ್ಧ ಸಲಹೆಗಳು ಕೈಕೊಡುತ್ತವೆ. ನಮಗೆ ದೊಡ್ಡಕ್ಷರ, ಸಣ್ಣಕ್ಷರ ಅಂತ ಇಲ್ಲ. ಒತ್ತು ಕೊಡಬೇಕಾದರೆ ಗಾತ್ರ ಅಥವಾ ದಪ್ಪವೇ ಗತಿ. ಅಕ್ಷರಗಳ ನಡುವೆ ಜಾಗ ಎಳೆದು ಶೀರ್ಷಿಕೆ ಅಗಲ ಮಾಡುವ ಚಾಳಿ ಕನ್ನಡಕ್ಕೆ ಒಗ್ಗುವುದಿಲ್ಲ, ಪದವೇ ಚೂರುಚೂರಾದ ಹಾಗೆ ಕಾಣುತ್ತದೆ. ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ, ಗುಡಿಸು ಮೇಲೆ ಏರುತ್ತದೆ, ಹಾಗಾಗಿ ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಬೇಕು. ಅಕ್ಷರದ ಗಾತ್ರದ ಒಂದೂವರೆ ಪಟ್ಟು ಬಿಟ್ಟು ಶುರುಮಾಡಿ, ಆಮೇಲೆ ಕಣ್ಣಳತೆಯಲ್ಲಿ ಸರಿಮಾಡಿ. ಕನ್ನಡ ಮತ್ತು ಇಂಗ್ಲಿಷ್ ಅಕ್ಕಪಕ್ಕ ಬಂದಾಗ ಒಂದೇ ಪಾಯಿಂಟ್ ಗಾತ್ರ ಕೊಟ್ಟರೂ ಎರಡರಲ್ಲೊಂದು ಚಿಕ್ಕದಾಗಿ ಕಾಣುತ್ತದೆ. ಅಂಕಿ ನೋಡಬೇಡಿ, ಕಣ್ಣಿಂದ ಹೊಂದಿಸಿ.

ಫಾಂಟ್, ಅಂದರೆ ಅಕ್ಷರದ ವಿನ್ಯಾಸ, ಒಂದೇ ಕುಟುಂಬದ್ದು ಸಾಕು, ಅದರಲ್ಲೇ ತೆಳ್ಳಗಿನದು ಮತ್ತು ದಪ್ಪದ್ದು ಇರುವಂಥದ್ದು. ಗೂಗಲ್ಲಿನ ನೋಟೊ ಕನ್ನಡ ಓದಲು ಹಿತ, ಏಕ್ ಟೈಪ್ ತಂಡದ ಬಾಲು ತಮ್ಮ ಶೀರ್ಷಿಕೆಗೆ ದುಂಡಗೆ ದಪ್ಪಗೆ ಚೆನ್ನಾಗಿದೆ. ಎರಡೂ ಮುಕ್ತ ಪರವಾನಗಿಯವು, ಪೋಸ್ಟರಿಗೂ ಪುಸ್ತಕಕ್ಕೂ ದುಡ್ಡು ಕೊಡದೆ ಬಳಸಬಹುದು. ಎಲ್ಲಿಂದಲೋ ಇಳಿಸಿಕೊಂಡ ಫಾಂಟಿನ ಪರವಾನಗಿ ಓದದೆ ಬಳಸಬೇಡಿ, "ಸ್ವಂತ ಬಳಕೆಗೆ ಮಾತ್ರ ಉಚಿತ" ಅಂತ ಬರೆದಿದ್ದರೆ ಸಂಸ್ಥೆಯ ಕೆಲಸ ಅದರಲ್ಲಿ ಬರುವುದಿಲ್ಲ. ಹಳೆಯ, ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಪಠ್ಯ ಬೇರೆ ಕಂಪ್ಯೂಟರಿಗೆ ಹೋದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಆಗುತ್ತದೆ, ಹುಡುಕಿದರೂ ಸಿಗುವುದಿಲ್ಲ. ಮೊದಲಿನಿಂದಲೇ ಯೂನಿಕೋಡಿನಲ್ಲಿ ಬರೆಯಿರಿ. ಕೆಲವು ಡಿಸೈನ್ ಸಾಫ್ಟ್‌ವೇರ್‌ಗಳಲ್ಲಿ ಭಾರತೀಯ ಲಿಪಿಗಳ ಆಯ್ಕೆಯನ್ನು ಬೇರೆಯಾಗಿ ಆನ್ ಮಾಡದಿದ್ದರೆ ಒತ್ತಕ್ಷರ ಒಡೆದು ಬಿಡಿಬಿಡಿಯಾಗಿ ಬರುತ್ತದೆ. ಅದನ್ನು ಗಮನಿಸದೆ ಸಾವಿರ ಪ್ರತಿ ಮುದ್ರಿಸಿದವನು ನಾನು. ಕನ್ನಡ ಓದಲು ಬರುವ ಒಬ್ಬರು ಕೊನೆಯ ಪ್ರೂಫನ್ನು ಗಟ್ಟಿಯಾಗಿ ಓದಲೇಬೇಕು.

ಪೋಸ್ಟರಿನಲ್ಲಿ ಏನನ್ನು ಬಿಡಬೇಕು

ಪೋಸ್ಟರ್ ನೋಡುವವರು ನಿಂತು ಓದುವುದಿಲ್ಲ, ಹಾದುಹೋಗುತ್ತಾರೆ. ಫೋನಿನಲ್ಲಾದರೆ ಹೆಬ್ಬೆರಳು ಮೇಲೆ ಸರಿಯುತ್ತಲೇ ಇರುತ್ತದೆ. ಆ ಒಂದೆರಡು ಕ್ಷಣದಲ್ಲಿ ಕಣ್ಣು ಒಂದು ವಿಷಯ ಮಾತ್ರ ಹಿಡಿಯುತ್ತದೆ. ಯಾವುದು ಅಂತ ನೀವು ತೀರ್ಮಾನ ಮಾಡದಿದ್ದರೆ ಕಣ್ಣು ಯಾವುದನ್ನೂ ಹಿಡಿಯುವುದಿಲ್ಲ.

ರಕ್ತದಾನ ಶಿಬಿರದ ಪೋಸ್ಟರ್ ತಗೊಳ್ಳಿ. ಸಾಮಾನ್ಯವಾಗಿ ಮೇಲ್ಗಡೆ ಸಂಸ್ಥೆಯ ಪೂರ್ತಿ ಹೆಸರು, ನೋಂದಣಿ ಸಂಖ್ಯೆ, ಸಹಯೋಗ ಕೊಟ್ಟ ನಾಲ್ಕು ಸಂಸ್ಥೆಗಳ ಲೋಗೊ, ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳ ಹೆಸರು ಬಿರುದು ಸಮೇತ, ಅವರ ಫೋಟೊಗಳು. ದಿನಾಂಕ ಎಲ್ಲೋ ಕೆಳಗೆ ಮೂಲೆಯಲ್ಲಿ. ರಕ್ತ ಕೊಡಲು ಬರುವ ಮನುಷ್ಯನಿಗೆ ಬೇಕಾದ್ದು ಏನು? ರಕ್ತದಾನ, ಯಾವತ್ತು, ಎಷ್ಟು ಹೊತ್ತಿಗೆ, ಎಲ್ಲಿ, ಅನುಮಾನ ಇದ್ದರೆ ಯಾರಿಗೆ ಫೋನ್ ಮಾಡಬೇಕು. ಅತಿಥಿಗಳನ್ನು ಬಿಟ್ಟರೆ ಬೇಜಾರಾಗುತ್ತದೆ ಅಂದರೆ ಅವರಿಗೆ ಬೇರೆ ಆಮಂತ್ರಣ ಪತ್ರಿಕೆ ಮಾಡಿ, ಅದರಲ್ಲಿ ಎಲ್ಲರ ಹೆಸರೂ ಹಾಕಿ. ಗೋಡೆಯ ಮೇಲಿನ ಪೋಸ್ಟರ್ ಬೀದಿಯವರಿಗೆ, ಆಮಂತ್ರಣ ವೇದಿಕೆಯವರಿಗೆ. ಎರಡನ್ನೂ ಒಂದೇ ಹಾಳೆಯಲ್ಲಿ ಮುಗಿಸಲು ಹೋಗಿ ಎರಡೂ ಕೆಡುತ್ತವೆ.

ಗಾತ್ರವೇ ದನಿ. ಅತಿ ಮುಖ್ಯವಾದದ್ದು ಉಳಿದದ್ದಕ್ಕಿಂತ ಸ್ವಲ್ಪ ದೊಡ್ಡದಲ್ಲ, ಎರಡು ಮೂರು ಪಟ್ಟು ದೊಡ್ಡದಿರಬೇಕು. ಎಲ್ಲವನ್ನೂ ದಪ್ಪ ಮಾಡಿದರೆ ಎಲ್ಲರೂ ಒಟ್ಟಿಗೆ ಕೂಗಿದ ಹಾಗೆ. ಖಾಲಿ ಜಾಗ ಕಂಡ ತಕ್ಷಣ ಅಲ್ಲೊಂದು ಹೂವಿನ ಚಿತ್ರ ಇಡಬೇಕು ಅನಿಸುತ್ತದಲ್ಲ, ಆ ಆಸೆ ತಡೆದುಕೊಳ್ಳಿ. ಆ ಖಾಲಿ ಜಾಗವೇ ಪಕ್ಕದ ಅಕ್ಷರವನ್ನು ಎತ್ತಿ ತೋರಿಸುತ್ತಿರುವುದು.

ಫೋಟೊದಲ್ಲಿರುವವರೂ ಪೋಸ್ಟರ್ ನೋಡುತ್ತಾರೆ

2007ರಲ್ಲಿ ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್, ಪಾಲ್ ಸ್ಲೋವಿಕ್ ಎಂಬ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಕೆಲವರಿಗೆ ಹಸಿವಿನಿಂದ ಬಳಲುವ ಲಕ್ಷಾಂತರ ಜನರ ಅಂಕಿ ಅಂಶ ಕೊಟ್ಟರು, ಕೆಲವರಿಗೆ ಒಬ್ಬ ಪುಟ್ಟ ಹುಡುಗಿಯ ಕಥೆ ಹೇಳಿದರು. ಹುಡುಗಿಯ ಕಥೆ ಕೇಳಿದವರು ಜಾಸ್ತಿ ಕೊಟ್ಟರು. ಕುತೂಹಲದ ಸಂಗತಿ ಅಂದರೆ ಕಥೆಯ ಜೊತೆಗೆ ಅಂಕಿ ಅಂಶವನ್ನೂ ಸೇರಿಸಿದಾಗ ದಾನ ಕಡಿಮೆಯಾಯಿತು. ಮನಸ್ಸು ಒಬ್ಬರಿಗೆ ಕರಗುತ್ತದೆ, ಲಕ್ಷಕ್ಕೆ ಕರಗುವುದಿಲ್ಲ. ಹಾಗಾಗಿ ದಾನ ಕೇಳುವ ಕರಪತ್ರದಲ್ಲಿ ಒಬ್ಬರ ಕಥೆ ಇರಲಿ, ಅಂಕಿಗಳು ವಾರ್ಷಿಕ ವರದಿಗೆ ಹೋಗಲಿ.

ಆದರೆ ಇದೇ ಜಾಗದಲ್ಲಿ ಜಾರುವುದು ಸುಲಭ. ಅಳುವ ಮಗು, ಹರಿದ ಬಟ್ಟೆ, ಕೈಚಾಚಿದ ಮುದುಕಿ. ಅಂಥ ಚಿತ್ರ ಹಣ ತರಬಹುದು, ಆದರೆ ಆ ಮಗು ನಾಳೆ ದೊಡ್ಡದಾಗಿ ತನ್ನ ಚಿತ್ರವನ್ನು ಅಂತರ್ಜಾಲದಲ್ಲಿ ನೋಡುತ್ತದೆ. ನನ್ನ ನಿಯಮ: ಫೋಟೊದಲ್ಲಿರುವವರ ಕೈಗೇ ಆ ಪೋಸ್ಟರ್ ಕೊಟ್ಟು "ಹೇಗಿದೆ?" ಅಂತ ಕೇಳುವ ಧೈರ್ಯ ನಮಗಿರಬೇಕು. ಒಪ್ಪಿಗೆ ಕೇಳುವಾಗ ಎಲ್ಲಿ ಹಾಕುತ್ತೇವೆ, ಎಷ್ಟು ದಿನ, ಬೇಡ ಅಂದರೆ ತೆಗೆಯುತ್ತೇವೆ, ಬೇಡ ಅಂದರೂ ಸಹಾಯ ನಿಲ್ಲುವುದಿಲ್ಲ ಅಂತ ಅವರ ಭಾಷೆಯಲ್ಲಿ ಹೇಳಿ, ಬರೆಸಿಕೊಳ್ಳಿ. ಮಕ್ಕಳಾದರೆ ಹೆತ್ತವರ ಒಪ್ಪಿಗೆಯೂ ಬೇಕು, ಮಗುವಿನದ್ದೂ ಬೇಕು. ಮುಖ ತೋರಿಸಬಾರದು ಅಂದರೆ ಕೆಲಸ ಮಾಡುವ ಕೈ, ಬಿಡಿಸಿದ ಚಿತ್ರ, ಬೆನ್ನ ಹಿಂದಿನ ನೋಟ, ದಾರಿ ಬೇಕಾದಷ್ಟಿವೆ. ಅಂತರ್ಜಾಲದಲ್ಲಿ ಹುಡುಕಿ ಸಿಕ್ಕ ಯಾವುದೋ ಮಗುವಿನ ಚಿತ್ರವನ್ನು ನಿಮ್ಮ ಕೆಲಸದ ಚಿತ್ರ ಅಂತ ಮಾತ್ರ ಹಾಕಬೇಡಿ. ಗೊತ್ತಾದ ದಿನ ಗಳಿಸಿದ ನಂಬಿಕೆಯೆಲ್ಲ ಹೋಗುತ್ತದೆ.

ಮತ್ತೆ ಮತ್ತೆ ಅದೇ

ರಾಬರ್ಟ್ ಝಾಯನ್ಸ್ ಎಂಬ ಮನಶ್ಶಾಸ್ತ್ರಜ್ಞ 1968ರಲ್ಲಿ ತೋರಿಸಿದ ಒಂದು ಸಂಗತಿ ಇಡೀ ಜಾಹೀರಾತು ಲೋಕಕ್ಕೆ ಗೊತ್ತು. ಅರ್ಥವೇ ಗೊತ್ತಿಲ್ಲದ ಪದ, ಅಪರಿಚಿತ ಲಿಪಿಯ ಅಕ್ಷರ, ಇಂಥವನ್ನು ಜನ ಹೆಚ್ಚು ಸಲ ನೋಡಿದಷ್ಟೂ ಅದನ್ನು ಹೆಚ್ಚು ಇಷ್ಟಪಡುತ್ತಾರೆ. ಸುಮ್ನೆ ಕಣ್ಣಿಗೆ ಬಿದ್ದರೂ ಸಾಕು. ದೊಡ್ಡ ಕಂಪನಿಗಳು ದುಡ್ಡು ಸುರಿದು ಸಾವಿರ ಸಲ ಕಾಣಿಸಿಕೊಳ್ಳುತ್ತವೆ. ನಿಮಗೆ ಸಿಗುವುದು ವರ್ಷಕ್ಕೆ ಕೆಲವೇ ಸಲ. ಆ ಕೆಲವು ಸಲವೂ ಬೇರೆ ಬೇರೆ ವೇಷದಲ್ಲಿ ಬಂದರೆ ನೋಡುವವರ ಲೆಕ್ಕದಲ್ಲಿ ಪ್ರತಿ ಸಲವೂ ಮೊದಲ ಸಲವೇ. ಸಣ್ಣ ಸಂಸ್ಥೆಗೆ ಒಂದೇ ಬಣ್ಣ, ಒಂದೇ ಅಕ್ಷರ, ಲೋಗೊ ಒಂದೇ ಮೂಲೆಯಲ್ಲಿ ಅನ್ನುವ ಹಟ ದೊಡ್ಡವರಿಗಿಂತ ಜಾಸ್ತಿ ಬೇಕು ಅನ್ನುವುದು ಇದಕ್ಕೇ. ಒಳಗಿರುವ ನಿಮಗೆ ಆರು ತಿಂಗಳಿಗೇ ಬೇಜಾರು ಬರುತ್ತದೆ. ಹೊರಗಿನವರು ಆಗಷ್ಟೇ ಗಮನಿಸಲು ಶುರುಮಾಡಿರುತ್ತಾರೆ.

ಇದನ್ನು ನಡೆಸಿಕೊಂಡು ಹೋಗಲು ಅರವತ್ತು ಪುಟದ ಕೈಪಿಡಿ ಬೇಡ. ನಾನೊಮ್ಮೆ ಅಂಥದ್ದೊಂದು ಮಾಡಿಕೊಟ್ಟಿದ್ದೆ, ಬಹಳ ಹೆಮ್ಮೆಯಿಂದ. ಯಾರೂ ತೆರೆದು ನೋಡಲಿಲ್ಲ. ಒಂದು ಪುಟ ಸಾಕು: ಲೋಗೊ, ಅದರ ಸುತ್ತ ಎಷ್ಟು ಜಾಗ ಬಿಡಬೇಕು, ಎರಡು ಬಣ್ಣದ ಸಂಕೇತ, ಫಾಂಟಿನ ಹೆಸರು, ಆ ಒಂದು ಸಾಲು, ಹೆಸರಿನ ಸರಿಯಾದ ಕಾಗುಣಿತ. ಜೊತೆಗೆ ಪದ ಬದಲಿಸಿದರೆ ಸಾಕು ಅನ್ನುವಂಥ ಮೂರ್ನಾಲ್ಕು ಟೆಂಪ್ಲೇಟ್: ಕಾರ್ಯಕ್ರಮದ್ದು, ಧನ್ಯವಾದದ್ದು, ಫೋಟೊ ಹಾಕಿ ಸುದ್ದಿ ಹೇಳುವುದು. ನಿಯಮ ಓದದವರೂ ಟೆಂಪ್ಲೇಟ್ ಬಳಸುತ್ತಾರೆ, ಏಕೆಂದರೆ ಅದು ಕೆಲಸ ಕಡಿಮೆ ಮಾಡುತ್ತದೆ.

ವೃತ್ತಿಪರರು ಉಚಿತವಾಗಿ ಮಾಡಿಕೊಡಲು ಬಂದರೆ ಅವರ ಸಮಯಕ್ಕೆ ಬೆಲೆ ಕೊಡಿ. ಏನು ಬೇಕು, ಯಾವತ್ತಿಗೆ, ಎಷ್ಟು ಸಲ ತಿದ್ದಿಸಬಹುದು ಅಂತ ಮೊದಲೇ ಬರೆದುಕೊಳ್ಳಿ. ಅಭಿಪ್ರಾಯ ಹತ್ತು ಜನರದ್ದು ಕೇಳಿ, ಹೌದು-ಇಲ್ಲ ಹೇಳುವವರು ಒಬ್ಬರೇ ಇರಲಿ. "ಯಾಕೋ ಸರಿ ಕಾಣುತ್ತಿಲ್ಲ" ಅನ್ನುವುದಕ್ಕಿಂತ "ದಿನಾಂಕ ಹುಡುಕಬೇಕಾಯಿತು" ಅನ್ನುವುದು ಡಿಸೈನರಿಗೆ ಉಪಯೋಗಕ್ಕೆ ಬರುತ್ತದೆ.

ಇನ್ನು ಕೊನೆಯದು, ಒಂದು ಫೋಲ್ಡರು. ಲೋಗೊ ಫೈಲುಗಳು, ಫಾಂಟು, ಟೆಂಪ್ಲೇಟಿನ ಲಿಂಕು, ಒಪ್ಪಿಗೆ ಪಡೆದ ಫೋಟೊಗಳು, ಆ ಒಂದು ಪುಟ, ಎಲ್ಲ ಒಂದೇ ಆನ್‌ಲೈನ್ ಫೋಲ್ಡರಿನಲ್ಲಿ ಇರಲಿ, ಲಿಂಕನ್ನು ವಾಟ್ಸಾಪ್ ಗುಂಪಿನ ವಿವರಣೆಯಲ್ಲೇ ಅಂಟಿಸಿಡಿ. ಅದು ಯಾರ ಖಾತೆಯಲ್ಲಿದೆ ಅನ್ನುವುದನ್ನು ಇವತ್ತೇ ನೋಡಿ. ನಾನು ನೋಡಿದ ಒಂದು ಸಂಸ್ಥೆಯಲ್ಲಿ ಎಲ್ಲವೂ ಒಬ್ಬ ವಿದ್ಯಾರ್ಥಿನಿಯ ಕಾಲೇಜು ಇಮೇಲಿನಲ್ಲಿತ್ತು. ಅವಳ ಓದು ಮುಗಿಯಿತು, ಕಾಲೇಜಿನವರು ಆ ಇಮೇಲ್ ಮುಚ್ಚಿದರು, ಐದು ವರ್ಷದ ಕೆಲಸ ಅದರ ಜೊತೆಗೇ ಹೋಯಿತು. ಸಂಸ್ಥೆಯ ಹೆಸರಿನಲ್ಲೇ ಒಂದು ಇಮೇಲ್ ಮಾಡಿ, ಪಾಸ್‌ವರ್ಡ್ ಇಬ್ಬರಿಗೆ ಗೊತ್ತಿರಲಿ, ಆ ಇಬ್ಬರಲ್ಲಿ ಒಬ್ಬರು ಬಿಟ್ಟುಹೋದ ವಾರವೇ ಅದನ್ನು ಬದಲಿಸಿ ಮತ್ತೊಬ್ಬರಿಗೆ ಕೊಡಿ.